ಕಲಿಯುವ ಮನಸ್ಸು, ಕಲಿಸುವ ಮನಸ್ಸು

ಮನುಷ್ಯನಿಗೆ ದೇಹ ಎಷ್ಟು ಮುಖ್ಯವೋ ಮನಸ್ಸೂ ಅಷ್ಟೇ ಮುಖ್ಯ. ಜ್ವರ ಬಂದರೆ ಮೈ ಮುಟ್ಟಿ ನೋಡುತ್ತೇವೆ, ಕಾಲು ಉಳುಕಿದರೆ ಎಣ್ಣೆ ತಿಕ್ಕುತ್ತೇವೆ. ಮನಸ್ಸು ಉಳುಕಿದರೆ ಮಾತ್ರ ಮನೆಯವರಿಗೆ ಕಾಣುವುದಿಲ್ಲ, ಕಂಡರೂ ಒಪ್ಪುವುದಿಲ್ಲ. ಅದರಲ್ಲಿಯೂ ಮಕ್ಕಳ ವಿಷಯ ಬಂದರೆ, ಉಂಡು ಆಡಿಕೊಂಡಿರುವ ವಯಸ್ಸಿನಲ್ಲಿ ಇವರಿಗೆಂಥ ಚಿಂತೆ ಎಂದು ಹಿರಿಯರು ತೀರ್ಮಾನ ಮಾಡಿಬಿಟ್ಟಿರುತ್ತಾರೆ. ಈ ತಿಳಿವಳಿಕೆ ಸರಿಯಲ್ಲ. ಮಾನಸಿಕ ತೊಂದರೆಗಳಲ್ಲಿ ಮೂರರಲ್ಲಿ ಒಂದು ಭಾಗದಷ್ಟು 14ನೆಯ ವಯಸ್ಸಿನೊಳಗೇ ಮೊಳಕೆಯೊಡೆಯುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಮಗು ಎಂಟನೆಯ, ಒಂಬತ್ತನೆಯ ಇಯತ್ತೆಯಲ್ಲಿ ಕುಳಿತಿರುವ ಕಾಲ. 2022ರಲ್ಲಿ ನಮ್ಮ ದೇಶದಲ್ಲಿ 13,044 ವಿದ್ಯಾರ್ಥಿಗಳು ತಮ್ಮ ಜೀವ ತಾವೇ ಕಳೆದುಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ಲೆಕ್ಕ ತಿಳಿಸುತ್ತದೆ. ಈ ಅಂಕಿಯನ್ನು ಓದಿ ಸುಮ್ಮನೆ ಪುಟ ಮಗುಚಲು ನಮಗೆ ಸಾಧ್ಯವಾಗಲಿಲ್ಲ.

ಇದು ಪಟ್ಟಣದವರ ರೋಗ, ನಮ್ಮ ಹಳ್ಳಿಗಳಿಗೆ ಸಂಬಂಧವಿಲ್ಲ ಎನ್ನುವವರಿದ್ದಾರೆ. ಗದಗ ತಾಲ್ಲೂಕಿನ ಹಿರೇಹಂದಿಗೋಳದಂಥ ಊರನ್ನೇ ತೆಗೆದುಕೊಳ್ಳೋಣ. ಮಳೆಯನ್ನು ನಂಬಿದ ಸೀಮೆ ಇದು. ಹೆಸರು ಬಿಡಿಸುವ ಹೊತ್ತಿಗೆ ಮಳೆ ಹಿಡಿದರೆ ಕಾಯಿ ಹೊಲದಲ್ಲಿಯೇ ಮೊಳೆಯುತ್ತದೆ. ಹಿಂಗಾರಿ ಕೈಕೊಟ್ಟರೆ ಕಡಲೆಯೂ ಇಲ್ಲ, ಜೋಳವೂ ಇಲ್ಲ. ಸಾಲಗಾರ ಬಾಗಿಲಿಗೆ ಬಂದಾಗ ತಂದೆಯ ಮುಖ ಹೇಗಾಗುತ್ತದೆಂಬುದನ್ನು ಮಗು ಮೂಲೆಯಲ್ಲಿ ನಿಂತು ನೋಡಿರುತ್ತದೆ. ಮುಂಡರಗಿ, ಶಿರಹಟ್ಟಿ ಕಡೆಯಲ್ಲಿ ತಂದೆತಾಯಿ ಗೋವೆಗೆ, ಮಂಗಳೂರಿಗೆ ಗುಳೆ ಹೋದರೆ ಮಕ್ಕಳು ಅಜ್ಜಿಯ ಹತ್ತಿರ ಉಳಿಯುತ್ತಾರೆ. ಅಂಥ ಮಗು ಮರುದಿನ ಶಾಲೆಗೆ ಬಂದು ಬೀಜಗಣಿತ ಕಲಿಯಬೇಕು. ಅದು ಪಾಠದಲ್ಲಿ ಲಕ್ಷ್ಯ ಕೊಡದಿದ್ದರೆ ದಡ್ಡ ಎಂಬ ಹೆಸರು. ಸಂಜೆ ಮನೆಗೆ ಬಂದರೆ, “ಅವರ ಮನಿ ಹುಡುಗ ತೊಂಬತ್ತು ತಗೊಂಡಾನ, ನೀ ಏನ್ ಮಾಡಿದಿ?” ಎಂಬ ಮಾತು. ಹೋಲಿಕೆ ಮಾಡಿ ಮಾಡಿ ಮಗುವಿನ ಆತ್ಮಗೌರವ ತಿಂದುಹಾಕುವ ಈ ಚಟವನ್ನು ತಂದೆತಾಯಂದಿರು ಮೊದಲು ಬಿಡಬೇಕು.

ಹತ್ತನೆಯ ಇಯತ್ತೆಯ ಫಲಿತಾಂಶದ ದಿನವಂತೂ ಎಷ್ಟೋ ಮನೆಗಳಲ್ಲಿ ಒಲೆ ಹೊತ್ತುವುದಿಲ್ಲ. 2023ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ. 83.89 ಇತ್ತು. ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಕಣ್ಗಾವಲು ಬಂದ 2024ರಲ್ಲಿ ಅದು ಶೇ. 73.40ಕ್ಕೆ ಇಳಿಯಿತು. ನಕಲು ನಿಂತದ್ದು ಒಳ್ಳೆಯದೇ. ನಾವು ಅದನ್ನು ಸ್ವಾಗತಿಸುತ್ತೇವೆ. ಆದರೆ ಅದೇ ವರ್ಷದಿಂದ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಪದ್ಧತಿ ಬಂದಿತೆಂಬುದನ್ನು ಎಷ್ಟು ತಂದೆತಾಯಿ ಬಲ್ಲರು? ಮೊದಲನೆಯದರಲ್ಲಿ ಬಿದ್ದವನು ಎರಡನೆಯದನ್ನು ಬರೆಯಬಹುದು. ಅಂಕ ಕಡಿಮೆಯಾಯಿತೆನ್ನುವವನೂ ಮತ್ತೆ ಬರೆಯಬಹುದು. ಫೇಲಾದ ಮಗುವಿಗೆ ಅಂದು ಸಂಜೆಯೇ ಪಕ್ಕದಲ್ಲಿ ಕೂಡಿಸಿಕೊಂಡು ಈ ಮಾತು ಹೇಳಬೇಕು. ಉಣ್ಣಿಸಿ ಹೇಳಬೇಕು. ಅಂದಿನ ರಾತ್ರಿ ಆ ಮಗುವನ್ನು ಒಂಟಿಯಾಗಿ ಬಿಡಬಾರದು.

ಮಗು ನಿದ್ದೆ ಮಾಡುತ್ತಿಲ್ಲ, ಊಟ ಬಿಟ್ಟಿದೆ, ಗೆಳೆಯರನ್ನು ದೂರ ಮಾಡಿದೆ, ನಾನಿದ್ದು ಏನು ಪ್ರಯೋಜನ ಎನ್ನುತ್ತಿದೆ ಎಂದು ಹೇಳಿಕೊಂಡು ಎಷ್ಟೋ ತಾಯಂದಿರು ಮಠಕ್ಕೆ ಬರುತ್ತಾರೆ. ತಾಯಿತ ಕಟ್ಟಿರಿ, ಯಾರದೋ ದೃಷ್ಟಿ ತಾಗಿದೆ ಎನ್ನುತ್ತಾರೆ. ನಾವು ವಿಭೂತಿ ಹಚ್ಚಿ ಆಶೀರ್ವದಿಸುತ್ತೇವೆ, ಪ್ರಸಾದ ಮಾಡಿಸುತ್ತೇವೆ. ಆಮೇಲೆ ಗದಗಿನ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಗೋ ಧಾರವಾಡದ ಡಿಮ್ಹಾನ್ಸ್‌ಗೋ ಹೋಗಿರೆಂದು ಹೇಳಿ ಕಳಿಸುತ್ತೇವೆ. ಇಷ್ಟಲಿಂಗದ ಮೇಲೆ ದೃಷ್ಟಿ ನಿಲ್ಲಿಸಿ ಕುಳಿತುಕೊಳ್ಳುವ ಅಭ್ಯಾಸ ಚಂಚಲ ಮನಸ್ಸಿಗೆ ನೆಲೆ ಕೊಡುತ್ತದೆಂಬುದು ನಮ್ಮ ಅನುಭವ. ಆದರೆ ಪೂಜೆ ಔಷಧಿಗೆ ಬದಲಿಯಲ್ಲ. ಸಕ್ಕರೆ ಕಾಯಿಲೆಗೆ ಗುಳಿಗೆ ನುಂಗಲು ಯಾರೂ ನಾಚುವುದಿಲ್ಲ. ಇಲ್ಲಿ ಮಾತ್ರ ಏಕೆ ನಾಚಿಕೆ? ಆತ್ಮಹತ್ಯೆಗೆ ಯತ್ನಿಸಿದವರನ್ನು ಅಪರಾಧಿಗಳೆಂದು ಕಾಣದೆ ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಿ ಚಿಕಿತ್ಸೆ ನೀಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳಿದೆ. ಪೊಲೀಸರಿಗೆ ಹೆದರಿ ಸಂಗತಿ ಮುಚ್ಚಿಡುವ ಕಾರಣವೇ ಇಲ್ಲ.

ಮನೆಯ ನಂತರ ಮಗುವನ್ನು ದಿನಾಲು ಕಣ್ಣಾರೆ ಕಾಣುವವರು ಗುರುಗಳು. ಗುರುವಿನ ಒಂದು ನೋಟ ಏನು ಮಾಡಬಲ್ಲದೆಂಬುದಕ್ಕೆ ಗದಗಿನವರು ದೂರ ಹೋಗಬೇಕಾಗಿಲ್ಲ. 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳಿಗೂ ಅವರ ಅಣ್ಣನಿಗೂ ಕಣ್ಣಿರಲಿಲ್ಲ. ಹಾನಗಲ್ಲ ಕುಮಾರ ಸ್ವಾಮಿಗಳು ಆ ಮಕ್ಕಳ ಕುರುಡನ್ನು ಎಣಿಸದೆ ಕಂಠವನ್ನು ಗುರುತಿಸಿದರು. ಮುಂದೆ ಪಂಚಾಕ್ಷರಿ ಗವಾಯಿಗಳು ಪುಟ್ಟರಾಜರನ್ನು ಹಾಗೆಯೇ ಕೈಹಿಡಿದರು. 2010ರಲ್ಲಿ ಲಿಂಗೈಕ್ಯರಾಗುವವರೆಗೆ ಪುಟ್ಟರಾಜ ಗವಾಯಿಗಳು ವೀರೇಶ್ವರ ಪುಣ್ಯಾಶ್ರಮದಲ್ಲಿ ಅಸಂಖ್ಯ ಅಂಧ, ಅನಾಥ ಮಕ್ಕಳಿಗೆ ಸಂಗೀತ ಕಲಿಸಿ ಅನ್ನದ ದಾರಿ ತೋರಿದರು. ಆ ಆಶ್ರಮದಲ್ಲಿ ಮಗುವಿಗೆ ಏನಿಲ್ಲ ಎಂದು ಕೇಳಲಿಲ್ಲ, ಏನಿದೆ ಎಂದು ಕೇಳಿದರು. ನಮ್ಮ ಶಾಲೆಗಳಲ್ಲಿ ಎಲ್ಲರೆದುರು ನಿಲ್ಲಿಸಿ ಅಂಕ ಓದಿ ಹಂಗಿಸುವ ಪದ್ಧತಿ ಇನ್ನೂ ಅಲ್ಲಲ್ಲಿ ಉಳಿದಿದೆ. ಹೊಡೆತವಷ್ಟೇ ಅಲ್ಲ, ಮನಸ್ಸಿಗೆ ಹಿಂಸೆ ಕೊಡುವುದನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ.

ಇಷ್ಟು ಹೇಳಿ ಹೊಣೆಯನ್ನೆಲ್ಲ ಮಾಸ್ತರರ ತಲೆಗೆ ಕಟ್ಟುವುದು ನ್ಯಾಯವಲ್ಲ. ಅವರ ಮನಸ್ಸನ್ನು ಕೇಳಿದವರಾರು? ಬಿಸಿಯೂಟದ ಲೆಕ್ಕ, ಹಾಲು-ಮೊಟ್ಟೆಯ ಲೆಕ್ಕ, ಆನ್‌ಲೈನಿನಲ್ಲಿ ತುಂಬುವ ಮಾಹಿತಿ, ಮತದಾರರ ಪಟ್ಟಿ. 2025ರ ಸಮೀಕ್ಷೆಗೆ ಶಿಕ್ಷಕರೇ ಮನೆಮನೆ ಅಲೆದರು. ದಸರಾ ರಜೆ ಅಕ್ಟೋಬರ್ 18ರವರೆಗೆ ಬೆಳೆಯಿತು. 2020ರಲ್ಲಿ ಕೋವಿಡ್‌ನಿಂದ ಶಾಲೆ ಮುಚ್ಚಿದಾಗ ವಿದ್ಯಾಗಮ ಎಂದು ಗುಡಿಕಟ್ಟೆ, ಮರದ ನೆರಳಿನಲ್ಲಿ ಪಾಠ ಹೇಳಿದವರೂ ಇವರೇ. ಅತಿಥಿ ಶಿಕ್ಷಕರಿಗಂತೂ ಮುಂದಿನ ವರ್ಷ ಕೆಲಸ ಉಂಟೋ ಇಲ್ಲವೋ ಎಂಬ ಚಿಂತೆ. ಫಲಿತಾಂಶ ಇಳಿದರೆ ನೋಟಿಸು. ಒಣಗಿದ ಬಾವಿಯಿಂದ ನೀರು ಸೇದೆಂದರೆ ಹೇಗೆ? ವಾರಕ್ಕೊಮ್ಮೆಯಾದರೂ ಶಾಲೆಯ ಶಿಕ್ಷಕರೆಲ್ಲ ಒಟ್ಟಿಗೆ ಕುಳಿತು, ಮೇಲಧಿಕಾರಿಗಳಿಲ್ಲದೆ, ತಮ್ಮ ಭಾರ ತಾವೇ ಹಂಚಿಕೊಳ್ಳುವ ಅವಕಾಶ ಬೇಕು. ಅನುಭವ ಮಂಟಪವೆಂದರೆ ಎಲ್ಲರೂ ಮಾತನಾಡಬಹುದಾದ, ಎಲ್ಲರೂ ಕೇಳಿಸಿಕೊಳ್ಳಬೇಕಾದ ಸ್ಥಳವಲ್ಲವೇ? ಮುಖ್ಯೋಪಾಧ್ಯಾಯರು ಅದನ್ನು ಗಣಕೋಷ್ಟಕದ ಸಭೆ ಮಾಡದಿದ್ದರೆ ಸಾಕು. (ವಾರ್ಷಿಕೋತ್ಸವದಲ್ಲಿ ಮಕ್ಕಳನ್ನು ಬಿಸಿಲಲ್ಲಿ ಕೂಡಿಸಿ ನಾವು ಸ್ವಾಮಿಗಳು ಮಾಡುವ ದೀರ್ಘ ಉಪದೇಶವನ್ನೂ ಈ ಸಂದರ್ಭದಲ್ಲಿ ಮೊಟಕು ಮಾಡುವುದು ಲೇಸು.)

ದಾರಿಗಳಿಲ್ಲವೆಂದಲ್ಲ. 1980ರ ದಶಕದಲ್ಲಿಯೇ ನಿಮ್ಹಾನ್ಸ್‌ನವರು ಅಂದು ನಮ್ಮ ನೆರೆಯದಾಗಿದ್ದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟು ಹಳ್ಳಿಯಲ್ಲಿಯೇ ಮನೋರೋಗಕ್ಕೆ ಉಪಚಾರ ಸಿಗುವಂತೆ ಮಾಡಿದರು. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಿಂತಿತು. 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಎಂಬ ಸಹಾಯವಾಣಿ ಆರಂಭವಾಯಿತು, ಸಂಖ್ಯೆ 14416. ಹಗಲುರಾತ್ರಿ ತೆರೆದಿರುತ್ತದೆ, ಹಣ ಬೇಡ, ಕನ್ನಡದಲ್ಲಿಯೇ ಮಾತನಾಡಬಹುದು. ವಿದ್ಯಾರ್ಥಿಯೂ ಕರೆಯಬಹುದು, ಶಿಕ್ಷಕರೂ ಕರೆಯಬಹುದು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು ಇನ್ನೂ ಮುಂದೆ ಹೋಗಿ, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಒಬ್ಬ ಅರ್ಹ ಆಪ್ತಸಮಾಲೋಚಕರಾದರೂ ಇರಬೇಕು, ಚಿಕ್ಕ ಶಾಲೆಗಳು ಹೊರಗಿನ ತಜ್ಞರೊಡನೆ ಸಂಪರ್ಕ ಇಟ್ಟುಕೊಳ್ಳಬೇಕು, ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲವಾದರೂ ತರಬೇತಿ ಕೊಡಬೇಕು ಎಂದು ನಿರ್ದೇಶನ ನೀಡಿತು. ಮಠಗಳು ನಡೆಸುವ ಶಾಲೆ, ಪ್ರಸಾದನಿಲಯಗಳಿಗೂ ಇದು ಅನ್ವಯಿಸುತ್ತದೆಂಬುದನ್ನು ನಮ್ಮವರು ಮರೆಯಬಾರದು. ಅನ್ನದಾಸೋಹಕ್ಕೆ ದವಸ ಕೊಡುವ ಭಕ್ತರು ಒಬ್ಬ ಸಮಾಲೋಚಕರ ಸಂಬಳಕ್ಕೂ ಕೈಜೋಡಿಸಿದರೆ ನಾವು ಅದನ್ನು ದಾಸೋಹವೆಂದೇ ಎಣಿಸುತ್ತೇವೆ.

ಹಿರೇಹಂದಿಗೋಳವೇ ಇರಲಿ, ಲಕ್ಷ್ಮೇಶ್ವರವೇ ಇರಲಿ, ಶಾಲಾಭಿವೃದ್ಧಿ ಸಮಿತಿಯವರು ಮುಂದಿನ ಸಭೆಯಲ್ಲಿ ಈ ವಿಷಯ ಎತ್ತಲಿ. ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಯಾವ ದಿನ ಬರುತ್ತಾರೆಂದು ಆಶಾ ಕಾರ್ಯಕರ್ತೆಯರಿಂದ ಕೇಳಿ ಬರೆದುಕೊಳ್ಳಲಿ. ಶಾಲೆಯ ಗೋಡೆಯ ಮೇಲೆ ದಾನಿಗಳ ಹೆಸರು ಬರೆಸಲು ಹೇಗೂ ಬಣ್ಣ ತರುತ್ತಾರೆ. ಅದೇ ಬಣ್ಣದಲ್ಲಿ, ಮಕ್ಕಳ ಕಣ್ಣಿನ ಎತ್ತರಕ್ಕೆ, 14416 ಎಂದೂ ಬರೆಸಲಿ.