ತಡವಾಗಿ ಬಂದ ಲಾರಿ ಬಿಲ್ಲು : ನೀವು ಮಾಡತಕ್ಕದ್ದೇನು?

ಮುಂಬಯಿಯಲ್ಲಿ ದುಡಿಯುತ್ತಿದ್ದ ಮಗ ಕಾಪುವಿನ ಮನೆಗೆ ಮರಳುತ್ತಾನೆ. ಇಲ್ಲವೆ ಮಣಿಪಾಲದ ಬಾಡಿಗೆ ಮನೆ ಬಿಟ್ಟು ಮಗಳು ಕಾರ್ಕಳಕ್ಕೆ ಬರುತ್ತಾಳೆ. ಮನೆ ಸಾಮಾನು ಲಾರಿಯಲ್ಲಿ ಬರುತ್ತದೆ. ಬಾಡಿಗೆ ಕೊಟ್ಟಾಯಿತು, ಲೆಕ್ಕ ತೀರಿತೆಂದು ನೀವು ಸುಮ್ಮನಿರುತ್ತೀರಿ. ಆರೇಳು ತಿಂಗಳ ಮೇಲೆ ಸಾಗಾಣಿಕೆ ಕಂಪೆನಿಯಿಂದ ಇನ್ನೊಂದು ಬಿಲ್ಲು : ತೂಕ ಹೆಚ್ಚಾಗಿತ್ತು, ಬಾಕಿ ಕೂಡಲೇ ಕಟ್ಟಿರಿ. ಹೆದರಿ ಕಟ್ಟುವವರುಂಟು, ಕಾಗದವನ್ನು ಒಲೆಗೆ ಹಾಕುವವರೂ ಉಂಟು. ಎರಡೂ ಸರಿಯಲ್ಲ.

ತಡವಾಯಿತೆಂಬ ಒಂದೇ ಕಾರಣಕ್ಕೆ ಬಾಕಿ ಸುಳ್ಳಾಗುವುದಿಲ್ಲ. ಮಾಡಿದ ಕೆಲಸದ ಹಣಕ್ಕಾಗಿ ದಾವೆ ಹೂಡಲು 1963ರ ಕಾಲಮಿತಿ ಕಾಯಿದೆಯಲ್ಲಿ ಸಾಮಾನ್ಯವಾಗಿ 3 ವರ್ಷಗಳ ವಾಯಿದೆ ಉಂಟು. ಆದರೆ ಬಿಲ್ಲು ಬಂದ ಮಾತ್ರಕ್ಕೆ ಬಾಕಿ ನಿಜವೂ ಆಗುವುದಿಲ್ಲ. ಅದನ್ನು ರುಜುವಾತುಪಡಿಸುವ ಹೊಣೆ ಕೇಳುವವನದು.

ಮೊದಲು ಹಳೆಯ ಕಾಗದಗಳನ್ನು ತೆಗೆಯಿರಿ. ಸಾಗಾಣಿಕೆದಾರನು ಸರಕಿನ ರಸೀದಿ ಕೊಡಬೇಕೆಂದು 2007ರ ರಸ್ತೆ ಸಾಗಾಣಿಕೆ ಕಾಯಿದೆ ಹೇಳುತ್ತದೆ. ಅದರಲ್ಲಿ ಕಾಣಿಸಿದ ತೂಕ, ಒಪ್ಪಿದ ಬಾಡಿಗೆ, ನೀವು ಕೊಟ್ಟ ಮುಂಗಡ, ಇವನ್ನು ಹೊಸ ಬಿಲ್ಲಿನೊಡನೆ ಸಾಲು ಸಾಲಾಗಿ ತಾಳೆ ನೋಡಿರಿ. ಮೊಬೈಲಿನಲ್ಲಿ ಮಾಡಿಕೊಂಡ ಮಾತುಕತೆಯನ್ನೂ ಅಳಿಸಬೇಡಿರಿ, ಅದೂ ಸಾಕ್ಷ್ಯವೇ.

ಬಳಿಕ ಬರವಣಿಗೆಯಲ್ಲೇ ಉತ್ತರ ಕೊಡಿರಿ. ಉದ್ದವೇನೂ ಬೇಡ :

"ನಿಮ್ಮ ಇಂಥ ತಾರೀಕಿನ ಬಿಲ್ಲು ತಲುಪಿತು. ಒಪ್ಪಿದ ಬಾಡಿಗೆ ಇಷ್ಟು. ಅದನ್ನು ಇಂಥ ದಿನ ಸಲ್ಲಿಸಿದ್ದೇನೆ. ರಸೀದಿಯ ನಕಲು ಲಗತ್ತಿಸಿದೆ. ಈಗ ಕೇಳಿದ ಹಣ ನನಗೆ ಒಪ್ಪಿಗೆಯಿಲ್ಲ. ಯಾವ ಕರಾರಿನ ಮೇಲೆ, ಯಾವ ತೂಕದ ಚೀಟಿಯ ಮೇಲೆ ಕೇಳಿದಿರೆಂದು ದಾಖಲೆ ಸಹಿತ ತಿಳಿಸಿರಿ."

ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ, ಅಂಚೆ ರಸೀದಿಯನ್ನೂ ಪತ್ರದ ನಕಲನ್ನೂ ಇಟ್ಟುಕೊಳ್ಳಿರಿ.

ಇಲ್ಲೊಂದು ಎಚ್ಚರಿಕೆ. ತಗಾದೆ ತಾಳಲಾರದೆ "ಬೆಳೆ ಮಾರಿದ ಮೇಲೆ ಕೊಡುತ್ತೇನೆ" ಎಂದು ಬರೆದುಕೊಡಬೇಡಿರಿ. ವಾಯಿದೆಯೊಳಗೆ ಬಾಕಿ ಒಪ್ಪಿ ಸಹಿ ಹಾಕಿದರೆ ಆ ದಿನದಿಂದ 3 ವರ್ಷ ಹೊಸದಾಗಿ ಎಣಿಕೆಯಾಗುತ್ತದೆ. ವಾಯಿದೆ ಮುಗಿದ ಮೇಲೂ ಕೊಡುವೆನೆಂದು ಬರೆದು ಸಹಿ ಮಾಡಿದರೆ ಆ ಮಾತು ನಿಮ್ಮನ್ನು ಕಟ್ಟಿಹಾಕುತ್ತದೆ. ಬಿಲ್ಲಿನಲ್ಲಿ ಸ್ವಲ್ಪ ನ್ಯಾಯವಾದ ಬಾಕಿ ಇದ್ದರೆ ಅಷ್ಟನ್ನು ಕೊಡಿರಿ. ಯಾವ ಬಾಬ್ತಿಗೆ ಕೊಟ್ಟಿರಿ, ಉಳಿದದ್ದಕ್ಕೆ ತಕರಾರಿದೆ ಎಂಬುದನ್ನು ಸ್ಪಷ್ಟವಾಗಿ ಬರೆದು ರಸೀದಿ ಪಡೆಯಿರಿ.

ಆದರೂ ಪೀಡಿಸಿದರೆ ಉಡುಪಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. 2019ರ ಕಾಯಿದೆಯಂತೆ ಕಾರಣ ಹುಟ್ಟಿದ 2 ವರ್ಷಗಳೊಳಗೆ ದೂರು ಸಲ್ಲಬೇಕು. ಸೇವೆಗೆ ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಕೀಲರಿಲ್ಲದೆಯೂ ನೀವೇ ವಾದಿಸಬಹುದು. ಮೊದಲು ವಿಚಾರಿಸಿಕೊಳ್ಳಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿರಿ. ನ್ಯಾಯಾಲಯದ ಸಮನ್ಸು ಬಂದರೆ ಮಾತ್ರ ಅಲಕ್ಷಿಸಕೂಡದು. ನೀವು ಹಾಜರಾಗದಿದ್ದರೆ ಎದುರು ಪಕ್ಷದ ಮಾತನ್ನಷ್ಟೇ ಕೇಳಿ ತೀರ್ಪಾದೀತು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಕಾನೂನು ಸೇವಾ ಸಮಿತಿಯಿಂದ ಉಚಿತ ನೆರವುಂಟು.

ಇಷ್ಟೆಲ್ಲ ತೊಂದರೆ ತಪ್ಪಿಸಲು ಸಾಮಾನು ಇಳಿಸಿದ ದಿನವೇ ರಸೀದಿಯ ಮೇಲೆ "ಪೂರ್ತಿ ಸಂದಾಯವಾಗಿದೆ, ಬಾಕಿ ಇಲ್ಲ" ಎಂದು ಬರೆಸಿ ಸಹಿ ಪಡೆಯಿರಿ. ನಮ್ಮ ಕರಾವಳಿಯ ಮಳೆಗೂ ಗೆದ್ದಲಿಗೂ ಕಾಗದ ಬಾಳುವುದು ಕಷ್ಟ. ಆದುದರಿಂದ ಅದನ್ನು ಪಹಣಿ ಪತ್ರಗಳ ಜೊತೆಗೆ ತಗಡಿನ ಡಬ್ಬಿಯಲ್ಲಿಟ್ಟು ಕನಿಷ್ಠ 3 ವರ್ಷ ಕಾಪಾಡಿರಿ.