ಬೇಸಿಗೆ ರಜೆ, ಕಸ್ತೂರಬಾ ರಸ್ತೆ, ವೆಂಕಟಪ್ಪ

ಏಪ್ರಿಲ್ ಬಂತೆಂದರೆ ಮಂಡ್ಯ ಜಿಲ್ಲೆಯ ಬೆಸಗರಹಳ್ಳಿ, ಕೊಪ್ಪ, ಮಳವಳ್ಳಿ ಕಡೆಯ ಮಕ್ಕಳು ಬೆಂಗಳೂರಿನ ನೆಂಟರ ಮನೆಗೆ ಹೊರಡುತ್ತಾರೆ. ಇದು ಇವತ್ತು ನಿನ್ನೆಯ ವಾಡಿಕೆಯಲ್ಲ. ಮದ್ದೂರಿನಲ್ಲಿ ರೈಲು ಹತ್ತಿದರೆ ಚನ್ನಪಟ್ಟಣ, ರಾಮನಗರ ದಾಟಿ ಬೆಂಗಳೂರು. ಅಲ್ಲಿ ಚಿಕ್ಕಪ್ಪನೋ ಸೋದರಮಾವನೋ ಒಂದು ದಿನ ರಜೆ ಹಾಕಿ ಊರು ತೋರಿಸುತ್ತಾರೆ. ಲಾಲ್‌ಬಾಗ್, ವಿಧಾನಸೌಧದ ಮುಂದೊಂದು ಫೋಟೊ, ಕಬ್ಬನ್ ಪಾರ್ಕು, ಕೊನೆಗೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ. ಕನ್ನಂಬಾಡಿ ನೀರು ಕುಡಿದ ಸೀಮೆಯವರಿಗೆ ವಿಶ್ವೇಶ್ವರಯ್ಯನವರ ಹೆಸರಿನ ಕಟ್ಟಡ ನೋಡದೆ ವಾಪಸು ಬರಲು ಮನಸ್ಸಾಗುವುದಿಲ್ಲ. ಅಂಗಳದಲ್ಲಿ ನಿಂತ ವಿಮಾನವನ್ನು ಮಕ್ಕಳು ಸುತ್ತಿ ಸುತ್ತಿ ನೋಡುತ್ತಾರೆ. ಹೊರಗೆ ಬಂದು ಸೌತೆಕಾಯಿ ತಿಂದು ಬಸ್ಸು ಹತ್ತುತ್ತಾರೆ.

ಅದೇ ಸಾಲಿನಲ್ಲಿ, ಸರ್ಕಾರಿ ವಸ್ತುಸಂಗ್ರಹಾಲಯದ ಕೆಂಪು ಕಟ್ಟಡದ ಪಕ್ಕದಲ್ಲಿ ಇನ್ನೊಂದು ಕಟ್ಟಡವಿದೆ. ಹೆಸರು ವೆಂಕಟಪ್ಪ ಚಿತ್ರಶಾಲೆ. ಬಹುತೇಕ ಮಂದಿ ಅದರ ಫಲಕ ಓದಿ ಮುಂದೆ ಹೋಗುತ್ತಾರೆ. ಚಿತ್ರಕಲೆ ಗೊತ್ತಿದ್ದವರ ಜಾಗ, ನಮ್ಮಂಥವರಿಗಲ್ಲ ಎಂಬ ಅಂಜಿಕೆ ಅದಕ್ಕೆ ಕಾರಣ. ಆದರೆ ಮಂಡ್ಯ ಜಿಲ್ಲೆಯವರು ಹಕ್ಕಿನಿಂದ ಒಳಗೆ ಹೋಗಬೇಕಾದ ಜಾಗವೊಂದಿದ್ದರೆ ಅದು ಇದೇ. ಕನ್ನಂಬಾಡಿ ಕಟ್ಟೆ ಕಟ್ಟಿಸಿದ ನಾಲ್ವಡಿ ಕೃಷ್ಣರಾಜ ಒಡೆಯರೇ ಈ ವೆಂಕಟಪ್ಪನವರನ್ನೂ ಕಲಾವಿದರನ್ನಾಗಿ ಬೆಳೆಸಿದವರು. ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ಅದಕ್ಕೂ ಎರಡು ವರ್ಷ ಮೊದಲು, 1909ರಲ್ಲಿ, ಅರಮನೆಯ ಖರ್ಚಿನಲ್ಲಿ ಮೈಸೂರಿನ ಈ ತರುಣ ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ಹೊರಟಿದ್ದರು. ಕಟ್ಟೆಯ ಕಥೆ ಮಂಡ್ಯದ ಮನೆಮನೆಗೂ ಗೊತ್ತು. ಚಿತ್ರಗಾರನ ಕಥೆ ಅಷ್ಟು ದೂರ ಹರಿಯಲಿಲ್ಲ.

ಕೆ. ವೆಂಕಟಪ್ಪ ಹುಟ್ಟಿದ್ದು 1886ರಲ್ಲಿ, ಮೈಸೂರಿನ ಚಿತ್ರಗಾರರ ಮನೆತನದಲ್ಲಿ. ತಂದೆ ಅರಮನೆಯ ಕಲಾವಿದರು. ಕುಂಚ ಹಿಡಿಯುವುದು, ಬಣ್ಣ ಅರೆಯುವುದು, ಚಿನ್ನದ ರೇಕು ಕೂರಿಸುವುದು ಅಂಥ ಮನೆಗಳಲ್ಲಿ ಮಕ್ಕಳಿಗೆ ಅಕ್ಷರದ ಜತೆಗೇ ಬರುತ್ತಿತ್ತು. ಕಲ್ಕತ್ತೆಯಲ್ಲಿ ಸಿಕ್ಕ ಗುರು ಅವನೀಂದ್ರನಾಥ ಠಾಕೂರರು, ರವೀಂದ್ರರ ಚಿಕ್ಕಪ್ಪನ ಮೊಮ್ಮಗ. ನಂದಲಾಲ್ ಬೋಸ್, ಅಸಿತ್ ಕುಮಾರ್ ಹಾಲ್ದಾರ್ ಅವರ ಸಾಲಿನಲ್ಲಿ ಕೂತು ವೆಂಕಟಪ್ಪ ಕಲಿತರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿ ಸೇರಿ ಬರೆದು 1913ರಲ್ಲಿ ಲಂಡನ್ನಿನಿಂದ ಹೊರಬಂದ ಹಿಂದೂ ಮತ್ತು ಬೌದ್ಧ ಪುರಾಣಗಳ ಇಂಗ್ಲಿಷ್ ಪುಸ್ತಕಕ್ಕೆ ಅವನೀಂದ್ರರ ಶಿಷ್ಯರು ಚಿತ್ರ ಬರೆದರು. ರಾಮಾಯಣದ ಭಾಗದಲ್ಲಿ ಎದ್ದು ಕಾಣುವುದು ಮೈಸೂರಿನ ಈ ಹುಡುಗನ ಕೈ.

ಅಲ್ಲಿ ಅವರು ಕಲಿತ ಪದ್ಧತಿಯನ್ನು ಸ್ವಲ್ಪ ನಿಂತು ನೋಡಬೇಕು. ಚಿತ್ರಶಾಲೆಯ ಗೋಡೆಯ ಮೇಲೆ ಇರುವುದು ಅರ್ಥವಾಗಲು ಅದು ಬೇಕು. 1903ರ ಸುಮಾರಿಗೆ ಜಪಾನಿನ ಯೋಕೊಯಾಮಾ ತೈಕಾನ್, ಹಿಶಿದಾ ಶುನ್ಸೊ ಎಂಬ ಕಲಾವಿದರು ಕಲ್ಕತ್ತೆಗೆ ಬಂದಿದ್ದರು. ಅವರ ಕೆಲಸ ನೋಡಿ ಅವನೀಂದ್ರರು ರೂಢಿಸಿಕೊಂಡದ್ದು ವಾಶ್ ಪದ್ಧತಿ. ಮೊದಲು ಹಾಳೆಯ ಮೇಲೆ ತೆಳುವಾಗಿ ಗೆರೆ. ಗೆರೆಯ ಮೇಲೆ ನೀರಾದ ಬಣ್ಣ. ಅದು ಒಣಗಿದ ಮೇಲೆ ಇಡೀ ಹಾಳೆಯನ್ನೇ ನೀರಿನಲ್ಲಿ ಅದ್ದಿ ತೆಗೆಯುತ್ತಾರೆ. ಮೇಲೆ ಮೇಲೆ ಕೂತ ಬಣ್ಣ ನೀರಿಗೆ ಹೋಗುತ್ತದೆ, ಕಾಗದದ ಎಳೆಗೆ ಇಳಿದದ್ದು ಉಳಿಯುತ್ತದೆ. ಮತ್ತೆ ಬಣ್ಣ, ಮತ್ತೆ ನೀರು. ಹೀಗೆ ಪದರದ ಮೇಲೆ ಪದರ ಕೂಡಿ, ಬಣ್ಣವನ್ನು ಕಾಗದಕ್ಕೆ ಹಚ್ಚಿದ್ದಲ್ಲ, ಕಾಗದದ ಒಳಗಿಂದಲೇ ಹೊಮ್ಮಿದ್ದು ಎನ್ನುವ ಹಾಗೆ ಕಾಣುತ್ತದೆ. ಅವಸರದ ಆಸಾಮಿಗೆ ಆಗುವ ಕೆಲಸವಲ್ಲ ಇದು.

ವೆಂಕಟಪ್ಪ ಈ ಪದ್ಧತಿಯಲ್ಲೇ ನಿಲ್ಲಲಿಲ್ಲ. ಊಟಿಗೆ ಹೋದರು, ಆಮೇಲೆ ಕೊಡೈಕೆನಾಲ್‌ಗೆ ಹೋದರು. ಅಲ್ಲಿನ ಬೆಟ್ಟ, ಕೆರೆ, ಮೋಡ, ಬೆಳದಿಂಗಳನ್ನು ಜಲವರ್ಣದಲ್ಲಿ ಹಿಡಿದರು. ಚಿತ್ರಶಾಲೆಯ ನಿಜವಾದ ಆಸ್ತಿ ಈ ಬೆಟ್ಟದ ಚಿತ್ರಗಳು. ಊಟಿಯ ಸೂರ್ಯೋದಯ, ಬೆಳದಿಂಗಳ ಊಟಿ, ಒಡೆದು ಚದುರುತ್ತಿರುವ ಮುಂಗಾರು ಮೋಡ, ಕೊಡೈಕೆನಾಲ್ ಮೇಲೆ ಎದ್ದು ಬರುತ್ತಿರುವ ಬಿರುಗಾಳಿ. ಒಂದೇ ಗುಡ್ಡವೇ ಆಗಿರಲಿ, ಬೆಳಗಿನ ಎಂಟಕ್ಕೂ ಸಂಜೆಯ ಐದಕ್ಕೂ ಬೇರೆ ಬೇರೆ ಎಂಬುದು ಈ ಚಿತ್ರಗಳ ಹಟ. ಮನುಷ್ಯರು ಕಾಣುವುದು ಕಡಿಮೆ. ಗಾಳಿ, ತೇವ, ಬೆಳಕು ಇವೇ ಪಾತ್ರಧಾರಿಗಳು. ಹಾಳೆಗಳು ದೊಡ್ಡವಲ್ಲ, ದೂರದಿಂದ ನೋಡಿದರೆ ಏನೂ ದಕ್ಕುವುದಿಲ್ಲ. ಮೂಗು ಗಾಜಿಗೆ ತಾಕುವಷ್ಟು ಹತ್ತಿರ ಹೋದಾಗ ದೂರದ ಮರಗಳ ಸಾಲು ಒಂದೊಂದೇ ಬಿಡಿಸಿಕೊಳ್ಳುತ್ತದೆ. ಮೇ ತಿಂಗಳ ಬಿಸಿಲಲ್ಲಿ ಕಸ್ತೂರಬಾ ರಸ್ತೆಯಿಂದ ಒಳಗೆ ಬಂದವರಿಗೆ ಈ ಮಂಜಿನ ಮುಂದೆ ಹತ್ತು ನಿಮಿಷ ನಿಲ್ಲುವುದೇ ಒಂದು ಬೇಸಿಗೆ ಪ್ರವಾಸ.

ಮನುಷ್ಯನಾಗಿ ವೆಂಕಟಪ್ಪ ಸುಲಭದವರಾಗಿರಲಿಲ್ಲ. ಮದುವೆಯಾಗಲಿಲ್ಲ. ಮಿತವಾಗಿ ಬದುಕಿದರು, ದಿನಚರಿ ಬರೆದಿಟ್ಟರು. ಕಲ್ಕತ್ತೆಯಿಂದ ಮೈಸೂರಿಗೆ ಮರಳಿದ ಮೇಲೆ ವೀಣೆಯ ಹುಚ್ಚು ಹತ್ತಿತು. ಕಲಿಸಿದವರು ಸಾಮಾನ್ಯರಲ್ಲ, ಸ್ವತಃ ವೀಣೆ ಶೇಷಣ್ಣನವರು. ವರ್ಷಗಟ್ಟಲೆ ಸಾಧನೆ ನಡೆಯಿತು, ಕುಂಚ ಹಿಂದೆ ಸರಿಯಿತು. ಶಿಷ್ಯನ ಕೈಯಿಂದ ಚಿತ್ರ ಜಾರುತ್ತಿರುವುದು ಕಲ್ಕತ್ತೆಯ ಗುರುಗಳಿಗೆ ನೋವು ತಂದಿತು. ವೆಂಕಟಪ್ಪ ಇದಕ್ಕೆ ಉತ್ತರ ಕೊಟ್ಟದ್ದು ಚಿತ್ರದಲ್ಲೇ. ವೀಣೆಯ ಹುಚ್ಚು ಹಿಡಿದ ತಮ್ಮನ್ನೇ ವಸ್ತುವಾಗಿಸಿ ಒಂದು ಚಿತ್ರ ಬರೆದರು. ಎರಡು ಕಲೆಗಳ ನಡುವೆ ಸಿಕ್ಕಿಬಿದ್ದ ಮನುಷ್ಯ ತನ್ನ ಸಂಕಟವನ್ನು ಇಷ್ಟು ನೇರವಾಗಿ ಹಾಳೆಗೆ ಇಳಿಸಿದ್ದು ನಮ್ಮ ಕಲಾ ಚರಿತ್ರೆಯಲ್ಲಿ ಅಪರೂಪ. ಚಿತ್ರಶಾಲೆಗೆ ಹೋದವರು ಬೇರೆ ಏನು ಬಿಟ್ಟರೂ ಇದನ್ನು ಬಿಡಬಾರದು.

ಅರಮನೆಗಾಗಿ ಅವರು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಉಬ್ಬುಶಿಲ್ಪಗಳನ್ನೂ ಮಾಡಿದರು. 1940ರಲ್ಲಿ ನಾಲ್ವಡಿಯವರು ತೀರಿಕೊಂಡರು. ಆಸರೆಯಾಗಿದ್ದ ದೊರೆಯೇ ಇಲ್ಲವಾದ ಮೇಲೆ ವೆಂಕಟಪ್ಪ ಬೆಂಗಳೂರಿಗೆ ಬಂದು ನೆಲೆಸಿದರು. ಅರಮನೆಯ ಕೆಲಸಕ್ಕೆ ಸಲ್ಲಬೇಕಾದ ಹಣದ ವಿಚಾರ ಕೋರ್ಟಿನವರೆಗೆ ಹೋಯಿತು. ಕೊಟ್ಟಷ್ಟು ತೆಗೆದುಕೊಂಡು ಕೈಮುಗಿಯುವುದು ಆಸ್ಥಾನದ ರೀತಿಯಾಗಿದ್ದ ಕಾಲದಲ್ಲಿ, ನನ್ನ ಕೆಲಸಕ್ಕೆ ಬೆಲೆ ಇದೆ ಎಂದು ಒಬ್ಬ ಚಿತ್ರಗಾರ ಅರಮನೆಯ ವಿರುದ್ಧವೇ ದಾವೆ ಹೂಡಿದ್ದು ಸಣ್ಣ ಮಾತಲ್ಲ. 1965ರಲ್ಲಿ ತೀರಿಕೊಂಡಾಗ ಅವರು ಬಿಟ್ಟುಹೋದದ್ದು ಚಿತ್ರಗಳು, ಉಬ್ಬುಶಿಲ್ಪಗಳು, ದಿನಚರಿಗಳು.

ಆ ಚಿತ್ರಗಳಿಗೊಂದು ನೆಲೆ ಬೇಕೆಂದು ಹುಟ್ಟಿದ್ದೇ ಚಿತ್ರಶಾಲೆ. ಎಪ್ಪತ್ತರ ದಶಕದಲ್ಲಿ ಬಾಗಿಲು ತೆರೆದ ಕಟ್ಟಡ ಅದು. ಅದನ್ನು ಪಡೆಯಲು ಅಂದಿನ ಕಲಾವಿದರು ಸರ್ಕಾರದ ಬೆನ್ನು ಹತ್ತಬೇಕಾಯಿತು. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಕಲಾವಿದರಾಗಿ ಬೆಳೆದ ಕೆ.ಕೆ. ಹೆಬ್ಬಾರರು ತಮ್ಮ ಚಿತ್ರಗಳನ್ನು ಇಲ್ಲಿಗೆ ಕೊಟ್ಟರು. ಶಿಲ್ಪಿ ರಾಜಾರಾಂ ಅವರ ಕೃತಿಗಳೂ ಇವೆ. ಉಳಿದ ಸಭಾಂಗಣಗಳು ಬಾಡಿಗೆಗೆ. ಬೆಂಗಳೂರಿನ ಕಲಾಲೋಕದಲ್ಲಿ ಈ ಬಾಡಿಗೆ ಸಭಾಂಗಣಗಳ ಪಾತ್ರ ವೆಂಕಟಪ್ಪನವರ ಚಿತ್ರಗಳಷ್ಟೇ ದೊಡ್ಡದು. ಹಣವಿಲ್ಲದ, ಹೆಸರಿಲ್ಲದ, ಆಗಷ್ಟೇ ಕಲಾಶಾಲೆ ಮುಗಿಸಿದ ಹುಡುಗ ಹುಡುಗಿಯರು ಕಡಿಮೆ ಬಾಡಿಗೆ ಕಟ್ಟಿ ಮೊದಲ ಪ್ರದರ್ಶನ ಮಾಡಿದ್ದು ಇಲ್ಲೇ. ಖಾಸಗಿ ಗ್ಯಾಲರಿಯ ಮೆಟ್ಟಿಲು ಹತ್ತಲು ಯಾರದಾದರೂ ಪರಿಚಯ ಬೇಕಾಗುತ್ತದೆ. ಇಲ್ಲಿ ಅರ್ಜಿ ಹಾಕಿದರೆ ಸಾಕಿತ್ತು.

ಹಾಗಾಗಿಯೇ 2016ರಲ್ಲಿ, ಚಿತ್ರಶಾಲೆಯ ಉಸ್ತುವಾರಿಯನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ವಹಿಸಿಕೊಡುವ ಒಪ್ಪಂದದ ಸುದ್ದಿ ಹೊರಬಿದ್ದಾಗ, ಕಲಾವಿದರು ಬೀದಿಗಿಳಿದರು. ಹಿರಿಯರು ಕಿರಿಯರು ಕೈಕೈ ಹಿಡಿದು ನಿಂತರು, ಅಲ್ಲೇ ಕೂತು ಚಿತ್ರ ಬರೆದರು, ಹಾಡಿದರು. ಕಟ್ಟಡ ಚೆನ್ನಾಗಬೇಕು ಎಂಬುದರಲ್ಲಿ ಯಾರಿಗೂ ತಕರಾರಿರಲಿಲ್ಲ. ಸಾರ್ವಜನಿಕರ ಸ್ವತ್ತು ಸಾರ್ವಜನಿಕರ ಕೈಯಲ್ಲೇ ಇರಬೇಕು ಎಂಬುದಷ್ಟೇ ಬೇಡಿಕೆ. ಒಪ್ಪಂದ ಕೊನೆಗೆ ಬಿದ್ದುಹೋಯಿತು. ಸೋರುವ ಚಾವಣಿ, ಮಂಕು ದೀಪಗಳ ದೂರು ಅದರೊಂದಿಗೇ ಮುಗಿಯಲಿಲ್ಲ, ದುರಸ್ತಿಯ ಮಾತು ಮತ್ತೆ ಮತ್ತೆ ಎದ್ದಿತು. ನೀರಿನಿಂದ ಹುಟ್ಟಿದ ಚಿತ್ರಗಳಿಗೆ ನೀರೇ ಶತ್ರು. ಜಲವರ್ಣದ ಹಾಳೆಗೆ ತೇವ ತಗುಲಿದರೆ ಬೂಷ್ಟು, ಬೆಳಕು ಹೆಚ್ಚಾದರೆ ಬಣ್ಣ ಮಾಸುತ್ತದೆ. ಇದನ್ನು ಕಾಪಾಡುವುದು ಬರೀ ಸುಣ್ಣಬಣ್ಣದ ಕೆಲಸವಲ್ಲ.

ಬೆಂಗಳೂರಿಗೆ ಹೋದವರು ಒಂದೇ ಕಡೆ ನಿಲ್ಲಬೇಕೆಂದಿಲ್ಲ. ಅದೇ ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೊಗ್ರಫಿ ತೆರೆದಿದೆ. ಉಕ್ಕಿನ ಹಾಳೆ ಹೊದ್ದ, ನೀರಿನ ಟ್ಯಾಂಕನ್ನು ನೆನಪಿಸುವ ಕಟ್ಟಡ. ಫೋಟೊ, ಸಿನಿಮಾ ಪೋಸ್ಟರು, ಬಟ್ಟೆ, ಜನಪದ ಕಲೆ ಎಲ್ಲವೂ ಅಲ್ಲಿ ಕಲೆಯೇ. ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ. ಚಿತ್ರ ನೋಡಿ ದಣಿದ ಮಕ್ಕಳು ಮರದ ನೆರಳಲ್ಲಿ ಕೂರಬಹುದಾದ ಅಂಗಳ ಅದಕ್ಕಿದೆ. ವಿಲ್ಸನ್ ಗಾರ್ಡನ್ನಿನ ಗ್ಯಾಲರಿ ಸುಮುಖ, ಶಾಂತಿ ರಸ್ತೆಯಲ್ಲಿ ಸುರೇಶ್ ಜಯರಾಂ ನಡೆಸಿಕೊಂಡು ಬಂದಿರುವ ನಂ. 1 ಮನೆ, ಇವು ಇಂದಿನ ಕಲಾವಿದರು ಏನು ಮಾಡುತ್ತಿದ್ದಾರೆಂದು ತಿಳಿಯಲು ಸರಿಯಾದ ಜಾಗಗಳು.

ಮಂಡ್ಯದವರು ತಪ್ಪಿಸಬಾರದ ಇನ್ನೊಂದು ಬಾಗಿಲು ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತು. 1960ರಲ್ಲಿ ಶುರುವಾದ ಈ ಸಂಸ್ಥೆಯನ್ನು ಕಟ್ಟಿದ ಎಂ.ಎಸ್. ನಂಜುಂಡರಾವ್ ಊರೂರು ಸುತ್ತಿ ತೊಗಲುಗೊಂಬೆಗಳನ್ನು ಕಲೆಹಾಕಿದರು. ಒಂದು ಕಾಲಕ್ಕೆ ಜಾತ್ರೆಯಲ್ಲಿ, ಬಯಲಿನಲ್ಲಿ ಪರದೆ ಕಟ್ಟಿ, ಹಿಂದೆ ದೀಪ ಹಚ್ಚಿ ರಾತ್ರಿಯಿಡೀ ರಾಮಾಯಣ ಆಡಿಸುತ್ತಿದ್ದ ಗೊಂಬೆಗಳು. ನಾಗಮಂಗಲದ ಕಡೆಯ ಅಜ್ಜ ಅಜ್ಜಿಯರಿಗೆ ಅವು ಇಂದಿಗೂ ನೆನಪಿವೆ. ಮೊಮ್ಮಕ್ಕಳು ಅವನ್ನು ನೋಡಲು ಈಗ ಬೆಂಗಳೂರಿಗೆ ಹೋಗಬೇಕು.

ರೈಲು ಇನ್ನೊಂದು ದಿಕ್ಕಿಗೂ ಹೋಗುತ್ತದೆ. ಮೈಸೂರಿನ ಜಗನ್ಮೋಹನ ಅರಮನೆಯ ಗ್ಯಾಲರಿಯಲ್ಲಿ ದೀಪಕ್ಕೆ ಕೈ ಅಡ್ಡ ಹಿಡಿದ ಹೆಣ್ಣುಮಗಳ ಚಿತ್ರವಿದೆ. ಹಳ್ಳಿಯ ಎಷ್ಟೋ ಮನೆಗಳಲ್ಲಿ ಅದರ ಅಚ್ಚು ತೂಗುಹಾಕಿರುತ್ತಾರೆ, ರವಿವರ್ಮನದು ಎಂದೇ ಹೇಳುತ್ತಾರೆ. ಬರೆದವರು ಎಸ್.ಎಲ್. ಹಲ್ದಣಕರ್. ಅದು ತೈಲವರ್ಣವೂ ಅಲ್ಲ, ಜಲವರ್ಣ. ಬೆರಳ ಸಂದಿಯ ಕೆಂಪು ಬೆಳಕನ್ನು ಮೂಲದಲ್ಲೇ ನೋಡಬೇಕು. ಅಚ್ಚಿನಲ್ಲಿ ಅದು ಬರುವುದಿಲ್ಲ.

ಡಾ. ಬೆಸಗರಹಳ್ಳಿ ರಾಮಣ್ಣನವರಂಥ ಕತೆಗಾರರನ್ನು ಕೊಟ್ಟ ಸೀಮೆ ನಮ್ಮ ಮಂಡ್ಯ. ಕತೆಗಾರರ ಹೆಸರಿನಲ್ಲಿ ಪ್ರಶಸ್ತಿ ಇದೆ, ಸಾಹಿತ್ಯಕ್ಕೆ ಸಭೆ ಸಮ್ಮೇಳನಗಳಿವೆ, ನಾಟಕಕ್ಕೆ ರಂಗಮಂದಿರವಿದೆ. ಗೋಡೆಗೆ ಚಿತ್ರ ತೂಗುಹಾಕಿ ನಾಲ್ಕು ಜನರನ್ನು ಕರೆಯಲು ತಾಲ್ಲೂಕು ಕೇಂದ್ರದಲ್ಲೊಂದು ಸರಿಯಾದ ಕೊಠಡಿ ಇರುವುದು ಅಪರೂಪ. ಶಾಲೆಯ ಡ್ರಾಯಿಂಗ್ ಮೇಷ್ಟ್ರು ಬಿಟ್ಟರೆ ಹಳ್ಳಿಯ ಮಕ್ಕಳಿಗೆ ಬಣ್ಣದ ಗುರುಗಳೇ ಇಲ್ಲ, ಆ ಹುದ್ದೆಗಳೂ ಎಷ್ಟೋ ಕಡೆ ಖಾಲಿ. ಹೀಗಿರುವಾಗ ಚಿತ್ರಗಾರರ ಮನೆಯ ಮಗ ಕಲ್ಕತ್ತೆಗೆ ಹೋಗಿ ಬಂದು ಬರೆದದ್ದನ್ನು ನೋಡುವ ಅವಕಾಶ ಎರಡು ಗಂಟೆ ರೈಲಿನ ಆಚೆ ಇದೆ ಎಂಬುದನ್ನಾದರೂ ಮಕ್ಕಳಿಗೆ ಹೇಳಬೇಕು.

ಹೋಗುವವರಿಗೆ ಎರಡು ಮಾತು. ಬೆಂಗಳೂರು ರೈಲು ನಿಲ್ದಾಣದಿಂದಲೇ ನೇರಳೆ ಮಾರ್ಗದ ಮೆಟ್ರೊ ಹತ್ತಿ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದರೆ ಕಸ್ತೂರಬಾ ರಸ್ತೆಗೆ ನಡೆದೇ ಹೋಗಬಹುದು. ಸೋಮವಾರ ಬಹುತೇಕ ಗ್ಯಾಲರಿಗಳಿಗೆ ರಜೆ. ಹಳೆಯ ಕಟ್ಟಡಗಳಾದ್ದರಿಂದ ದುರಸ್ತಿಗೆಂದು ಆಗಾಗ ಬಾಗಿಲು ಮುಚ್ಚುವುದುಂಟು, ಹೊರಡುವ ಮುನ್ನ ವಿಚಾರಿಸಿಕೊಳ್ಳುವುದು ಒಳ್ಳೆಯದು. ಮುಚ್ಚಿದ್ದರೆ ಯಾವಾಗ ತೆರೆಯುತ್ತೀರಿ ಎಂದು ಕೇಳಿ, ತೆರೆದಿದ್ದರೆ ಸಂದರ್ಶಕರ ಪುಸ್ತಕದಲ್ಲಿ ಹೆಸರು, ಊರು ಬರೆದು ಬನ್ನಿ. ಬೆಸಗರಹಳ್ಳಿಯಿಂದ, ಮಳವಳ್ಳಿಯಿಂದ, ಮದ್ದೂರಿನಿಂದ ಜನ ಬರುತ್ತಾರೆ ಎಂಬುದು ಆ ಪುಸ್ತಕದಲ್ಲಿ ದಾಖಲಾಗಲಿ.