ಒಡಲಲ್ಲಿ ಇಬ್ಬರು: ಮೊದಲ ತಿಂಗಳುಗಳನ್ನು ದಾಟುವುದು ಹೇಗೆ?

ಕಳೆದ ಮಳೆಗಾಲದ ಒಂದು ಸಂಜೆ ಟಿಳಕವಾಡಿಯ ನನ್ನ ಕ್ಲಿನಿಕ್ಕಿಗೆ ಖಾನಾಪುರ ಕಡೆಯ ಅತ್ತೆ ಸೊಸೆ ಬಂದರು. ರೈಲ್ವೆ ಗೇಟ್ ಹಾಕಿದ್ದರಿಂದ ಆಟೊದಲ್ಲೇ ಕಾಯಬೇಕಾಗಿ ಬಂದು, ಅಷ್ಟರಲ್ಲಿ ಸೊಸೆ ಎರಡು ಸಲ ವಾಂತಿ ಮಾಡಿಕೊಂಡಿದ್ದಳು. ಅತ್ತೆ ಸ್ಕ್ಯಾನಿಂಗ್ ವರದಿಯನ್ನು ಮೇಜಿನ ಮೇಲಿಟ್ಟು ದನಿ ತಗ್ಗಿಸಿ ಹೇಳಿದರು: “ಮೇಡಂ, ಎರಡ ಕೂಸ ಅದಾವಂತ. ನದರ್ ಆಗ್ತದಂತ ಯಾರಿಗೂ ಹೇಳಿಲ್ಲ. ಆಶಾ ಬಾಯಿಗೂ ಹೇಳಿಲ್ಲ.”

ಅವರ ಭಯ ನನಗೆ ಅರ್ಥವಾಗುತ್ತದೆ. ಅಲ್ಲಾಹನು ಒಂದರ ಬದಲು ಎರಡು ಕೊಟ್ಟಿದ್ದಾನೆ ಎಂಬ ಸಂತೋಷದ ಜೊತೆಗೇ, ಎಲ್ಲಿ ಕೈತಪ್ಪಿ ಹೋಗುತ್ತದೋ ಎಂಬ ಅಂಜಿಕೆಯೂ ಇರುತ್ತದೆ. ಸುದ್ದಿಯನ್ನು ಓಣಿಗೆಲ್ಲ ಹಂಚಬೇಕಾಗಿಲ್ಲ, ನಿಜ. ಆದರೆ ಆಶಾ ಕಾರ್ಯಕರ್ತೆಗೆ ಮತ್ತು ವೈದ್ಯರಿಗೆ ಮುಚ್ಚಿಡಬೇಡಿ. ಅವಳಿ ಗರ್ಭದಲ್ಲಿ ಮುಂದೆ ಆಗುವ ಎಷ್ಟೋ ತೊಂದರೆಗಳನ್ನು ತಡೆಯುವ ಕೆಲಸ ಮೊದಲ ಮೂರು ತಿಂಗಳಲ್ಲೇ ಶುರುವಾಗಬೇಕು.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಹಲವು ವರ್ಷಗಳ ಹಿಂದೆ ಒಂಬತ್ತು ವಾರದ ಗರ್ಭಿಣಿಯೊಬ್ಬಳು ವಾಂತಿಯೆಂದು ಬಂದಾಗ, ಇದು ಎಲ್ಲರಿಗೂ ಆಗುವುದೇ ಎಂದು ಶುಂಠಿ, ಪುದೀನ ಮತ್ತು ದಾಳಿಂಬೆ ಶರಬತ್ತು ಹೇಳಿ ಕಳುಹಿಸಿದೆ. ಎರಡನೇ ಸಲ ಬಂದಾಗಲೂ ಅದನ್ನೇ ಹೇಳಿದೆ. ಸ್ಕ್ಯಾನಿಂಗ್‌ಗೆ ಕಳುಹಿಸಲಿಲ್ಲ, ಮೂತ್ರ ಪರೀಕ್ಷೆಯನ್ನೂ ಮಾಡಿಸಲಿಲ್ಲ. ಮತ್ತೊಂದು ವಾರದಲ್ಲಿ ಆಕೆ ನೀರೂ ನಿಲ್ಲದ ಸ್ಥಿತಿಯಲ್ಲಿ ಆಸ್ಪತ್ರೆ ಸೇರಿದಳು. ಅಲ್ಲಿ ಗೊತ್ತಾಯಿತು, ಅವಳಿ. ತಾಯಿ ಮಕ್ಕಳು ಉಳಿದರು, ಅಲ್‌ಹಮ್ದುಲಿಲ್ಲಾಹ್. ಆದರೆ ನಬ್ಝ್ ಹಿಡಿದು ಅವಳಿಯೆಂದು ಹೇಳಲಾಗದು ಎಂಬ ಪಾಠವನ್ನು ನಾನು ಅಂದು ಕಲಿತೆ.

ಅವಳಿ ಏಕೆ ಆಗುತ್ತದೆ?

ಜೋಡಿ ಬಾಳೆಹಣ್ಣು ತಿಂದದ್ದರಿಂದ ಅಲ್ಲ. ಒಂದೇ ತಿಂಗಳಲ್ಲಿ ಎರಡು ಅಂಡಗಳು ಬಿಡುಗಡೆಯಾಗಿ ಎರಡೂ ಫಲಿತವಾದರೆ ಹುಟ್ಟುವ ಮಕ್ಕಳು ಅಣ್ಣ ತಮ್ಮ, ಅಕ್ಕ ತಂಗಿಯರಷ್ಟೇ ಹೋಲುತ್ತಾರೆ. ಇದು ತಾಯಿಯ ಮನೆತನದಲ್ಲಿ ಹರಿದು ಬರಬಹುದು. ತಾಯಿಯ ವಯಸ್ಸು ಮೂವತ್ತೈದರ ಆಸುಪಾಸಿನಲ್ಲಿದ್ದರೆ, ಅಂಡ ಬೆಳೆಸುವ ಮಾತ್ರೆ ಅಥವಾ ಐವಿಎಫ್ ಚಿಕಿತ್ಸೆ ಪಡೆದಿದ್ದರೆ ಇದರ ಸಾಧ್ಯತೆ ಹೆಚ್ಚು. ಫಲಿತವಾದ ಒಂದೇ ಅಂಡ ಎರಡಾಗಿ ಸೀಳಿದರೆ ತದ್ರೂಪಿ ಅವಳಿ. ಇದು ವಂಶದಿಂದ ಬರುವುದು ಬಹಳ ಅಪರೂಪ. ಜಗತ್ತಿನ ಎಲ್ಲ ಕಡೆಯೂ ಸಾವಿರ ಹೆರಿಗೆಗಳಲ್ಲಿ ಸುಮಾರು ನಾಲ್ಕು ಇಂಥವು. ಕೇರಳದ ಮಲಪ್ಪುರಂ ಜಿಲ್ಲೆಯ ಕೊಡಿಂಞಿ ಎಂಬ ಹಳ್ಳಿ ಅವಳಿ ಮಕ್ಕಳ ಸಂಖ್ಯೆಗಾಗಿಯೇ ಹೆಸರಾಗಿದೆ. ವಿಜ್ಞಾನಿಗಳು ಅಲ್ಲಿಗೆ ಹೋಗಿ ಪರೀಕ್ಷಿಸಿದರೂ ಕಾರಣ ಸ್ಪಷ್ಟವಾಗಿಲ್ಲ. ಆದ್ದರಿಂದ ಸೊಸೆಯನ್ನು “ಏನ್ ತಿಂದಿದ್ದಿ?” ಎಂದು ಕೇಳುವುದನ್ನು ಬಿಡಿ.

ಮೊದಲ ಸ್ಕ್ಯಾನಿಂಗ್‌ನಲ್ಲಿ ಕೇಳಬೇಕಾದ ಒಂದು ಪ್ರಶ್ನೆ

ಅವಳಿ ಎಂದು ತಿಳಿದ ಕೂಡಲೇ ಮನೆಯವರೆಲ್ಲ ಗಂಡೋ ಹೆಣ್ಣೋ ಎಂದು ಯೋಚಿಸುತ್ತಾರೆ. ಅದನ್ನು ಕೇಳುವುದೂ ಹೇಳುವುದೂ 1994ರ ಕಾನೂನಿನ ಪ್ರಕಾರ ಅಪರಾಧ. ನೀವು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: “ಎರಡು ಮಕ್ಕಳಿಗೆ ಮಾಸು ಒಂದೋ, ಎರಡೋ?”

ಮಾಸು ಎಂದರೆ ಹೊಕ್ಕುಳಬಳ್ಳಿಯ ಮೂಲಕ ಮಗುವಿಗೆ ಆಹಾರ ಮುಟ್ಟಿಸುವ ಅಂಗ. ಇಬ್ಬರಿಗೂ ಬೇರೆ ಬೇರೆ ಮಾಸು ಇದ್ದರೆ ಚಿಂತೆ ಕಡಿಮೆ. ತದ್ರೂಪಿ ಅವಳಿಗಳಲ್ಲಿ ಹೆಚ್ಚಿನವರು ಒಂದೇ ಮಾಸನ್ನು ಹಂಚಿಕೊಂಡಿರುತ್ತಾರೆ. ಅಂಥ ನೂರು ಗರ್ಭಗಳಲ್ಲಿ ಹತ್ತರಿಂದ ಹದಿನೈದರಲ್ಲಿ ಒಂದು ಮಗುವಿನ ರಕ್ತ ಇನ್ನೊಂದಕ್ಕೆ ಹರಿದು ಇಬ್ಬರಿಗೂ ಅಪಾಯವಾಗಬಹುದು. ಬೇಗ ಗೊತ್ತಾದರೆ ಚಿಕಿತ್ಸೆಯಿದೆ. ಅದಕ್ಕಾಗಿ 16ನೇ ವಾರದಿಂದ ಎರಡು ವಾರಕ್ಕೊಮ್ಮೆ ಸ್ಕ್ಯಾನಿಂಗ್ ಮಾಡಿಸಬೇಕು. ಬೇರೆ ಬೇರೆ ಮಾಸು ಇದ್ದವರಿಗೆ ಸಾಮಾನ್ಯವಾಗಿ ನಾಲ್ಕು ವಾರಕ್ಕೊಮ್ಮೆ ಸಾಕು.

ಮಾಸು ಒಂದೋ ಎರಡೋ ಎಂಬುದು 11ರಿಂದ 14 ವಾರಗಳ ನಡುವೆ ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ. ದಿನ ಕಳೆದಂತೆ ಹೇಳುವುದು ಕಷ್ಟ. ಐದನೇ ತಿಂಗಳಲ್ಲಿ ನೋಡೋಣ ಎಂದು ಕುಳಿತರೆ ಈ ಅವಕಾಶ ಹೋಗುತ್ತದೆ. ಉತ್ತರವನ್ನು ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ.

ಇನ್ನೊಂದು ಮಾತು. ಮೊದಲ ಸ್ಕ್ಯಾನಿಂಗ್‌ನಲ್ಲಿ ಎರಡು ಕಂಡು, ಕೆಲವು ವಾರಗಳ ಬಳಿಕ ಒಂದೇ ಕಾಣುವುದುಂಟು. ಒಂದು ಭ್ರೂಣ ಬೆಳೆಯದೆ ನಿಂತು ದೇಹದಲ್ಲೇ ಕರಗಿರುತ್ತದೆ. ಇದು ಯಾರ ದೃಷ್ಟಿಯಿಂದಲೂ, ತಾಯಿಯ ತಪ್ಪಿನಿಂದಲೂ ಆದದ್ದಲ್ಲ. ಉಳಿದ ಮಗು ಹೆಚ್ಚಾಗಿ ಚೆನ್ನಾಗಿಯೇ ಬೆಳೆಯುತ್ತದೆ. ಆದರೂ ಆ ತಾಯಿ ಒಂದನ್ನು ಕಳೆದುಕೊಂಡಿದ್ದಾಳೆ. “ಒಂದಾದರೂ ಇದೆಯಲ್ಲ” ಎಂದು ಆಕೆಯ ಅಳುವನ್ನು ತಡೆಯಬೇಡಿ.

ವಾಂತಿ: ಎಲ್ಲಿಯವರೆಗೆ ಸಹಜ?

ಅವಳಿ ಗರ್ಭದಲ್ಲಿ ಗರ್ಭದ ಹಾರ್ಮೋನು ಹೆಚ್ಚಿರುವುದರಿಂದ ವಾಕರಿಕೆ, ಸುಸ್ತು, ಎದೆಯುರಿ ಎಲ್ಲವೂ ಹೆಚ್ಚು. ಒಂಬತ್ತನೇ ವಾರದ ಸುಮಾರಿಗೆ ವಾಂತಿ ಜೋರಾಗಿ, ಹೆಚ್ಚಿನವರಲ್ಲಿ ನಾಲ್ಕು ಐದನೇ ತಿಂಗಳಿಗೆ ಇಳಿಯುತ್ತದೆ. ಅಲ್ಲಿಯವರೆಗೆ ಹೀಗೆ ಮಾಡಿ:

ಹೊಟ್ಟೆ ಖಾಲಿ ಬಿಡಬೇಡಿ. ಮೂರು ಹೊತ್ತಿನ ಊಟವನ್ನು ಆರು ಹೊತ್ತಿಗೆ ಹಂಚಿ. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮುನ್ನ ಒಣ ಬ್ರೆಡ್ಡು, ಚುರುಮುರಿ ಅಥವಾ ಕಟಕ ರೊಟ್ಟಿಯ ಒಂದು ಚೂರು ತಿನ್ನಿ. ನೀರನ್ನು ಊಟದ ಜೊತೆ ಕುಡಿಯದೆ ನಡುನಡುವೆ ಗುಟುಕು ಗುಟುಕಾಗಿ ಕುಡಿಯಿರಿ. ಒಗ್ಗರಣೆಯ ವಾಸನೆ ಆಗದಿದ್ದರೆ ಕೆಲವು ವಾರ ಅಡುಗೆಯನ್ನು ಬೇರೆಯವರು ಮಾಡಲಿ. ಬೆಂದ ಶೋರ್ವಾದ ವಾಸನೆಗೆ ಓಡಿ ಹೋಗುವವಳು ತಣ್ಣಗಿನ ಮೊಸರನ್ನ ತಿಂದಾಳು.

ಶುಂಠಿ ಒಳ್ಳೆಯದು, ಆದರೆ ಮಿತಿಯಲ್ಲಿ. ಒಣಶುಂಠಿ ಪುಡಿ ದಿನಕ್ಕೆ ಒಟ್ಟು ಒಂದು ಗ್ರಾಂ ಮೀರಬಾರದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು.

ಕುಡಿದ ನೀರೂ ಒಂದು ದಿನ ನಿಲ್ಲದಿದ್ದರೆ, ಎಂಟು ಗಂಟೆಯಾದರೂ ಮೂತ್ರ ಬಾರದಿದ್ದರೆ ಅಥವಾ ಕಡುಹಳದಿಯಾಗಿದ್ದರೆ, ಎದ್ದಾಗ ಕಣ್ಣು ಕತ್ತಲಿಟ್ಟರೆ, ತೂಕ ಇಳಿಯುತ್ತಿದ್ದರೆ ಮನೆಮದ್ದು ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಸಲೈನ್ ಹಾಗೂ ಗರ್ಭದಲ್ಲಿ ಸುರಕ್ಷಿತವಾದ ವಾಂತಿಯ ಔಷಧಗಳಿವೆ. ರಕ್ತಸ್ರಾವ, ಒಂದೇ ಬದಿಯ ತೀವ್ರ ಹೊಟ್ಟೆನೋವು, ಚಳಿಜ್ವರ ಇದ್ದರೂ ಹಾಗೆಯೇ. ಬೆಳಗಾಗುವುದನ್ನು ಕಾಯಬೇಡಿ.

ಯುನಾನಿ ಏನು ಹೇಳುತ್ತದೆ?

ಗರ್ಭಿಣಿಯ ಆರೈಕೆಯನ್ನು ನಮ್ಮ ಹಕೀಮರು ಬಹಳ ಹಿಂದೆಯೇ ಗಂಭೀರವಾಗಿ ಕಂಡಿದ್ದರು. ಹತ್ತನೆಯ ಶತಮಾನದಲ್ಲಿ ಕೊರ್ಡೋಬಾದ ಅರೀಬ್ ಇಬ್ನ್ ಸಅದ್ ಗರ್ಭಿಣಿಯರ ಮತ್ತು ನವಜಾತ ಶಿಶುಗಳ ಆರೈಕೆಗೆಂದೇ ಒಂದು ಗ್ರಂಥ ಬರೆದರು. ಆರಂಭದ ತಿಂಗಳುಗಳಲ್ಲಿ ಭೇದಿಯ ಔಷಧ ಕೊಡಬಾರದು, ರಕ್ತ ತೆಗೆಯಬಾರದು ಎಂಬುದು ಹಳೆಯ ಹಕೀಮರ ಎಚ್ಚರಿಕೆ. ಎಳೆಯ ಕಾಯಿ ಕೊಂಬೆಯಿಂದ ಬೇಗ ಕಳಚಿ ಬೀಳುವಂತೆ ಎಳೆಯ ಗರ್ಭವೂ ಎಂದು ಅವರು ತಿಳಿದಿದ್ದರು.

ಆದ್ದರಿಂದ ಯುನಾನಿ ವೈದ್ಯೆಯಾಗಿಯೇ ಹೇಳುತ್ತೇನೆ: ಈ ತಿಂಗಳುಗಳಲ್ಲಿ ಸೋನಾಮುಖಿ, ಹರಳೆಣ್ಣೆ, ಲೋಳೆಸರದ ಮುಸಬ್ಬರ, ಯಾವುದೇ ಕುಷ್ತಾ ಬೇಡ. ಹಿಜಾಮಾ ಬೇಡ. ಕಲೋಂಜಿಯ ಬರಕತ್ತನ್ನು ನಾವೆಲ್ಲ ನಂಬುತ್ತೇವೆ. ಆದರೆ ಅಡುಗೆಗೆ ಹಾಕುವ ಚಿಟಿಕೆ ಬೇರೆ, ಚಮಚಗಟ್ಟಲೆ ಎಣ್ಣೆ ಕುಡಿಯುವುದು ಬೇರೆ. ಎರಡನೆಯದು ಗರ್ಭಿಣಿಗೆ ಬೇಡ. ಗುಲ್ಕಂದ್ ಮಲಬದ್ಧತೆಗೆ ಹಿತ. ಸಕ್ಕರೆ ಕಾಯಿಲೆ ಇದ್ದರೆ ಅದೂ ಬೇಡ. ಮುಲ್ತಾನಿ ಮಿಟ್ಟಿ ತಿನ್ನುವ ಆಸೆ ಕೆಲವರಿಗೆ ಆಗುತ್ತದೆ. ಖಾನಾಪುರದ ಮಣ್ಣು ಕುಂಬಾರಿಕೆಗೆ ಹೆಸರಾಗಿರಬಹುದು, ತಿನ್ನಲು ಅಲ್ಲ. ಮಣ್ಣು ತಿನ್ನುವ ಬಯಕೆ ಎಷ್ಟೋ ಸಲ ರಕ್ತಹೀನತೆಯ ಲಕ್ಷಣ. ಬೈಯುವ ಬದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ.

ಊಟ, ಮಾತ್ರೆ, ವಿಶ್ರಾಂತಿ

“ಮೂವರ ಪಾಲು ತಿನ್ನಬೇಕು” ಎಂದು ಹಿರಿಯರು ಒತ್ತಾಯಿಸುತ್ತಾರೆ. ಮೊದಲ ಮೂರು ತಿಂಗಳು ಅದು ಬೇಕಿಲ್ಲ, ಆಗುವುದೂ ಇಲ್ಲ. ಆಮೇಲೆ ದಿನಕ್ಕೆ ಒಂದು ಹೆಚ್ಚಿನ ಊಟದಷ್ಟು, ಸುಮಾರು 600 ಕ್ಯಾಲೊರಿ, ಬೇಕಾಗುತ್ತದೆ. ಪ್ರಮಾಣಕ್ಕಿಂತ ಸತ್ವ ಮುಖ್ಯ. ಜೋಳದ ರೊಟ್ಟಿ, ಬೇಳೆ, ಮೊಳಕೆ ಕಾಳು, ಸೊಪ್ಪು, ಚೆನ್ನಾಗಿ ಬೆಂದ ಮೊಟ್ಟೆ ಮತ್ತು ಮಾಂಸ, ಕಾಯಿಸಿದ ಹಾಲು, ಮೊಸರು, ಶೇಂಗಾ, ಖಜೂರ. ನಾಲ್ಕನೇ ಬಾರಿ ಚಹಾ ಕುಡಿಯುವುದನ್ನು ನಿಲ್ಲಿಸಿದರೂ ಉಪಕಾರ.

ಮೊದಲ ಮೂರು ತಿಂಗಳು ಫೋಲಿಕ್ ಆಸಿಡ್ ತಪ್ಪಿಸಬೇಡಿ. ನಾಲ್ಕನೇ ತಿಂಗಳಿಂದ ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳು ಸರಕಾರಿ ಆಸ್ಪತ್ರೆಯಲ್ಲಿ ಉಚಿತ. ಎರಡನ್ನೂ ಒಟ್ಟಿಗೆ ನುಂಗಬೇಡಿ. ಕಬ್ಬಿಣದ ಮಾತ್ರೆಯನ್ನು ಚಹಾದ ಜೊತೆ ಬೇಡ, ಲಿಂಬೆ ಪಾನಕದ ಜೊತೆ ತೆಗೆದುಕೊಳ್ಳಿ. ಅವಳಿ ಗರ್ಭದಲ್ಲಿ ಬಿ.ಪಿ. ಏರುವ ಸಂಭವ ಹೆಚ್ಚು. ಅದನ್ನು ತಡೆಯಲು ಕೆಲವರಿಗೆ 12ನೇ ವಾರದಿಂದ ಕಡಿಮೆ ಪ್ರಮಾಣದ ಆಸ್ಪಿರಿನ್ ಕೊಡುತ್ತಾರೆ. ನಿಮಗೆ ಬೇಕೇ ಎಂದು ಸ್ತ್ರೀರೋಗ ತಜ್ಞರನ್ನು ಕೇಳಿ. ನೀವಾಗಿಯೇ ಅಂಗಡಿಯಿಂದ ತರಬೇಡಿ.

ಅವಳಿ ಎಂದ ಕೂಡಲೇ ಸೊಸೆಯನ್ನು ಹಾಸಿಗೆಗೆ ಕಟ್ಟಿ ಹಾಕುವ ಮನೆಗಳಿವೆ. ವೈದ್ಯರು ಹೇಳದಿದ್ದರೆ ಅದು ಬೇಕಿಲ್ಲ. ಇಡೀ ದಿನ ಮಲಗಿದ್ದರಿಂದ ಅವಧಿಪೂರ್ವ ಹೆರಿಗೆ ತಪ್ಪುವುದಿಲ್ಲ. ಬದಲಿಗೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಇನ್ನು ಕೆಲವು ಮನೆಗಳಲ್ಲಿ ಆಕೆಯೇ ಕೊಡ ಹೊತ್ತು, ಹತ್ತು ಮಂದಿಯ ಬಟ್ಟೆ ಒಗೆಯಬೇಕು. ಎರಡೂ ಸರಿಯಲ್ಲ. ಹಗಲು ಒಂದೆರಡು ತಾಸು ವಿಶ್ರಾಂತಿ, ಸಂಜೆ ಸ್ವಲ್ಪ ನಡಿಗೆ, ರಾತ್ರಿ ಎಂಟು ತಾಸು ನಿದ್ದೆ ಇರಲಿ. ಭಾರದ ಕೆಲಸ ಗಂಡಸರು ವಹಿಸಿಕೊಳ್ಳಲಿ.

ಉಪವಾಸದ ಪ್ರಶ್ನೆ

ರಮಝಾನ್ ಬಂದಾಗ ಎಷ್ಟೋ ಸಹೋದರಿಯರು ವಾಂತಿಯ ನಡುವೆಯೂ ಉಪವಾಸ ಹಿಡಿದು ತಲೆಸುತ್ತಿ ಬೀಳುತ್ತಾರೆ. ತನಗೆ ಅಥವಾ ಮಗುವಿಗೆ ಹಾನಿಯ ಭಯವಿರುವ ಗರ್ಭಿಣಿಗೆ ನಮ್ಮ ಧರ್ಮವೇ ರಿಯಾಯಿತಿ ಕೊಟ್ಟಿದೆ. ಅವಳಿ ಗರ್ಭದಲ್ಲಿ, ಅದರಲ್ಲೂ ವಾಂತಿಯಿದ್ದಾಗ, ಆ ಭಯ ನಿಜವಾದದ್ದು. ಬಿಟ್ಟ ಉಪವಾಸಗಳನ್ನು ತೀರಿಸುವ ವಿಧಾನವನ್ನು ಆಲಿಮರಲ್ಲಿ ಕೇಳಿ. ಕೊಟ್ಟ ರಿಯಾಯಿತಿಯನ್ನು ಸ್ವೀಕರಿಸುವುದು ಈಮಾನಿನ ಕೊರತೆಯಲ್ಲ. ನಿಂತು ನಮಾಝ್ ಮಾಡಲಾಗದಿದ್ದರೆ ಕುಳಿತು ಮಾಡಬಹುದು. ಮನೆಯವರು ಆಕೆಗೆ ಇದನ್ನು ನೆನಪಿಸಲಿ, ನಾಚಿಕೆಪಡಿಸದಿರಲಿ.

ಹೆರಿಗೆಯ ಜಾಗವನ್ನು ಈಗಲೇ ಗೊತ್ತುಮಾಡಿ

ಅವಳಿ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು 37 ವಾರ ತುಂಬುವ ಮೊದಲೇ ಹುಟ್ಟುತ್ತಾರೆ. ಗರ್ಭಕೋಶ ಹೆಚ್ಚು ಹಿಗ್ಗಿರುವುದರಿಂದ ಹೆರಿಗೆಯ ಬಳಿಕ ರಕ್ತಸ್ರಾವದ ಅಪಾಯವೂ ಹೆಚ್ಚು. ಈ ರಕ್ತಸ್ರಾವದ ಬಗ್ಗೆ ಜಗತ್ತಿಗೆ ಪಾಠ ಹೇಳಿದ ಒಂದು ಅಧ್ಯಯನ ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲೇ ನಡೆದಿತ್ತು. 1620 ಬಾಣಂತಿಯರ ಆ ಅಧ್ಯಯನ 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೆರಿಗೆಯಾದ ಕೂಡಲೇ ದಾದಿಯರು ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟಾಗ ಅತಿ ರಕ್ತಸ್ರಾವ ಶೇ. 12ರಿಂದ ಶೇ. 6.4ಕ್ಕೆ ಇಳಿದಿತ್ತು. ಆದರೆ ಅದು ತೊಂದರೆ ನಿರೀಕ್ಷಿಸದ ಹೆರಿಗೆಗಳ ಅಧ್ಯಯನ. ಅವಳಿ ಹೆರಿಗೆ ಆ ಸಾಲಿಗೆ ಸೇರದು. ಅದಕ್ಕೆ ರಕ್ತ, ಶಸ್ತ್ರಚಿಕಿತ್ಸೆ, ನವಜಾತ ಶಿಶುಗಳ ಘಟಕ ಮೂರೂ ಇರುವ ಆಸ್ಪತ್ರೆಯೇ ಬೇಕು.

ಖಾನಾಪುರದಿಂದ ಬೆಳಗಾವಿಗೆ ಸುಮಾರು 26 ಕಿ.ಮೀ. ಭೀಮಗಡ ಕಾಡಿನ ಹಳ್ಳಿಗಳಿಂದ ಇನ್ನೂ ದೂರ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಕೆಲವೆಡೆ ದಾರಿಯೇ ಇಲ್ಲ. ಅಂಥ ಊರಿನವರು ಕೊನೆಯ ಎರಡು ತಿಂಗಳು ಪೇಟೆಯ ಸಂಬಂಧಿಕರ ಮನೆಯಲ್ಲಿ ಇರುವ ಏರ್ಪಾಡನ್ನು ಈಗಲೇ ಯೋಚಿಸಿ.

2022ರ ನವೆಂಬರ್‌ನಲ್ಲಿ ತುಮಕೂರಿನಲ್ಲಿ ಅವಳಿ ಹೊತ್ತ ಬಡ ತಾಯಿಯೊಬ್ಬಳನ್ನು ತಾಯಿ ಕಾರ್ಡು, ಆಧಾರ್ ಇಲ್ಲವೆಂದು ಹಿಂದೆ ಕಳುಹಿಸಿದ ಸುದ್ದಿ ನಿಮಗೆ ನೆನಪಿರಬಹುದು. ಆಕೆ ಮನೆಯಲ್ಲೇ ಹೆತ್ತು, ತಾಯಿಯೂ ಇಬ್ಬರು ಕೂಸುಗಳೂ ತೀರಿಹೋದರು. ತುರ್ತು ಸಮಯದಲ್ಲಿ ದಾಖಲೆಗಾಗಿ ಚಿಕಿತ್ಸೆ ನಿರಾಕರಿಸಬಾರದೆಂದು ಸರಕಾರ ಆಮೇಲೆ ಸ್ಪಷ್ಟಪಡಿಸಿತು. ಕಾರ್ಡು ಇಲ್ಲದಿದ್ದರೂ ಚಿಕಿತ್ಸೆ ನಿಮ್ಮ ಹಕ್ಕು. ಆದರೂ 12 ವಾರದೊಳಗೆ ಹೆಸರು ನೋಂದಾಯಿಸಿ ಕಾರ್ಡು ಪಡೆಯಿರಿ. ನಾಲ್ಕನೇ ತಿಂಗಳಿಂದ, ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ನಡೆಯುವ ಉಚಿತ ತಪಾಸಣೆಗೆ ಹೋಗಿ. 108ರ ಸಂಖ್ಯೆ ಮನೆಯವರೆಲ್ಲರ ಮೊಬೈಲಿನಲ್ಲಿರಲಿ.

ಆ ಸಂಜೆ ಬಂದಿದ್ದ ಅತ್ತೆಗೆ ನಾನು ಹೇಳಿದ್ದೂ ಇಷ್ಟೇ: “ನದರ್‌ಗೆ ದುಆ ಓದ್ರಿ ಅಮ್ಮಾ, ಬ್ಯಾಡನ್ನಂಗಿಲ್ಲ. ಆದ್ರ ಆಶಾ ಬಾಯಿಗೆ ನಾಳೇನ ಹೇಳ್ರಿ.” ಸೊಸೆಯ ಮೂತ್ರ ಪರೀಕ್ಷೆಗೆ ಬರೆದುಕೊಟ್ಟು, ಬಿಮ್ಸ್ ಆಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೆ ಚೀಟಿ ಕೊಟ್ಟೆ. ಅತ್ತೆ ಚೀಟಿಯನ್ನು ಸೆರಗಿಗೆ ಕಟ್ಟಿಕೊಂಡರು. ಹೋಗುವಾಗ ಸೊಸೆಯ ಚೀಲವನ್ನೂ ತಾವೇ ಹಿಡಿದುಕೊಂಡರು.